ತಪ್ಪು ಬಿಲ್ ಸಾಲವಾಗುವ ದಾರಿ: ಅಮೆರಿಕದ ಆಸ್ಪತ್ರೆ ಬಾಕಿಯ ಹಿನ್ನೆಲೆ

2025ರ ಜುಲೈ 11ರಂದು ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯವೊಂದು, ವೈದ್ಯಕೀಯ ಬಾಕಿಯನ್ನು ಜನರ ಕ್ರೆಡಿಟ್ ವರದಿಗಳಿಂದ (ಸಾಲ ಪಡೆದು ತೀರಿಸಿದ ಇತಿಹಾಸದ ದಾಖಲೆಗಳಿಂದ) ತೆಗೆದುಹಾಕಬೇಕೆಂಬ ನಿಯಮವನ್ನು ರದ್ದುಪಡಿಸಿತು. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ಅದೇ ವರ್ಷದ ಜನವರಿಯಲ್ಲಿ ಅಂತಿಮಗೊಳಿಸಿದ್ದ ಆ ನಿಯಮ ಜಾರಿಗೆ ಬಂದಿದ್ದರೆ, ಬ್ಯೂರೋದ ಅಂದಾಜಿನಂತೆ ಸುಮಾರು 1.5 ಕೋಟಿ ಜನರ ವರದಿಗಳಿಂದ 4,900 ಕೋಟಿ ಡಾಲರ್ ಬಾಕಿ ಅಳಿಸಿಹೋಗುತ್ತಿತ್ತು. ತೀರ್ಪಿನ ಸುತ್ತ ನಡೆದ ಚರ್ಚೆಯ ಹೆಚ್ಚಿನ ಪಾಲು ಬಾಕಿಯನ್ನು ವರದಿಯಲ್ಲಿ ತೋರಿಸಬೇಕೇ ಬೇಡವೇ ಎಂಬುದಕ್ಕೆ ಮೀಸಲಾಯಿತು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಬಿಲ್ ಸರಿಯಾಗಿಯೇ ಇತ್ತೇ, ಅದನ್ನು ಪರಿಶೀಲಿಸುವ ಹೊಣೆ ಯಾರದು? ಅರ್ಧ ಶತಮಾನದಲ್ಲಿ ಬಂದ ಕಾನೂನುಗಳಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಸಿಗುವುದು ಕಷ್ಟ.

ಚಿಕಿತ್ಸೆ ಪಡೆಯುವವರು ಒಬ್ಬರು, ಹಣ ಕಟ್ಟುವವರು ಇನ್ನೊಬ್ಬರು ಎಂಬ ಏರ್ಪಾಡು ಅಲ್ಲಿ ಬೇರೂರಿದ್ದು ಹಂತಹಂತವಾಗಿ. 1929ರಲ್ಲಿ ಡಲ್ಲಾಸ್‌ನ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯು, ತಿಂಗಳಿಗೆ 50 ಸೆಂಟ್ ಕಟ್ಟುವ ಶಾಲಾ ಶಿಕ್ಷಕರಿಗೆ 21 ದಿನಗಳ ಆಸ್ಪತ್ರೆ ಆರೈಕೆಯ ಭರವಸೆ ನೀಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ವೇತನ ಏರಿಕೆಗೆ ನಿರ್ಬಂಧ ಬಂದಾಗ ಉದ್ಯೋಗದಾತರು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆ ಕೊಡತೊಡಗಿದರು, 1954ರ ತೆರಿಗೆ ಕಾಯ್ದೆ ಅದಕ್ಕೆ ಸಿಗುತ್ತಿದ್ದ ವಿನಾಯಿತಿಯನ್ನು ಖಚಿತಪಡಿಸಿತು, 1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಮತ್ತು ಬಡವರಿಗಾಗಿ ಮೆಡಿಕೇಡ್ ಬಂದವು.

ಇಷ್ಟು ಮಂದಿ ಪಾವತಿದಾರರೊಡನೆ ವ್ಯವಹರಿಸಲು ಎಲ್ಲರಿಗೂ ಅರ್ಥವಾಗುವ ಸಮಾನ ಭಾಷೆಯೊಂದು ಬೇಕಾಯಿತು. ಅಮೆರಿಕನ್ ವೈದ್ಯಕೀಯ ಸಂಘವು 1966ರಲ್ಲಿ ಚಿಕಿತ್ಸಾ ವಿಧಾನಗಳಿಗೆ ಸಂಕೇತ ಸಂಖ್ಯೆಗಳ ಪಟ್ಟಿಯನ್ನು ಹೊರತಂದಿತು. ಸಿಪಿಟಿ ಕೋಡ್ ಎಂದು ಇಂದಿಗೂ ಬಳಕೆಯಲ್ಲಿರುವುದು ಇದೇ. ರೋಗಗಳನ್ನು ಗುರುತಿಸುವ ಐಸಿಡಿ ಎಂಬ ಪ್ರತ್ಯೇಕ ಕೋಡ್ ಪಟ್ಟಿ ಇದರ ಜೊತೆಗಿದೆ. 2015ರ ಅಕ್ಟೋಬರ್ 1ರಂದು ಅದರ ಹತ್ತನೇ ಆವೃತ್ತಿಗೆ ಬದಲಾದಾಗ ರೋಗನಿದಾನದ ಕೋಡ್‌ಗಳು ಸುಮಾರು 14,000ದಿಂದ ಸುಮಾರು 68,000ಕ್ಕೆ ಏರಿದವು. ವೈದ್ಯರು ಬರೆದ ಟಿಪ್ಪಣಿಯನ್ನು ಓದಿ, ಈ ಎರಡೂ ಪಟ್ಟಿಗಳಿಂದ ಸರಿಯಾದ ಸಂಖ್ಯೆಗಳನ್ನು ಆರಿಸಿ, ಪಾವತಿದಾರರಿಗೆ ಕಳಿಸುವ ಹಣದ ಕೋರಿಕೆಗೆ, ಅಂದರೆ ಕ್ಲೇಮಿಗೆ, ಏರಿಸುವುದೇ ಒಂದು ಪ್ರತ್ಯೇಕ ವೃತ್ತಿಯಾಯಿತು.

ತಪ್ಪು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ, ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೈಯಲ್ಲಿ ಎರಡು ಸೆಂಟಿಮೀಟರ್ ಉದ್ದದ ಗಾಯ ಮಾಡಿಕೊಂಡ ಒಬ್ಬರು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರು ಎಂದಿಟ್ಟುಕೊಳ್ಳೋಣ. ತುರ್ತು ವಿಭಾಗದ ಭೇಟಿಗೆ ತೀವ್ರತೆಯ ಲೆಕ್ಕದಲ್ಲಿ 99281ರಿಂದ 99285ರವರೆಗೆ ಐದು ಕೋಡ್‌ಗಳಿವೆ. 99283 ಎಂದಿರಬೇಕಾದದ್ದು 99285 ಆಯಿತೆಂದರೆ, ಕೊನೆಯ ಒಂದೇ ಅಂಕಿಯಿಂದ ಸಾಧಾರಣ ಗಾಯವು ಅತ್ಯಂತ ಜಟಿಲ ಪ್ರಕರಣದ ದರಕ್ಕೆ ಏರುತ್ತದೆ. ಅಷ್ಟು ಚಿಕ್ಕ ಗಾಯಕ್ಕೆ ಹಾಕಿದ ಸರಳ ಹೊಲಿಗೆಗೆ 12001 ಎಂಬ ಇನ್ನೊಂದು ಕೋಡ್ ಇದೆ. ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು ಆ ಹೊಲಿಗೆಯ ದರದಲ್ಲಿಯೇ ಸೇರಿರುತ್ತದೆ. ಅದನ್ನು ಬೇರೆ ಸಾಲಿನಲ್ಲಿ ಬರೆದರೆ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಕೇಳಿದಂತಾಗುತ್ತದೆ. ಭೇಟಿಯೂ ಹೊಲಿಗೆಯೂ ಪ್ರತ್ಯೇಕ ಸೇವೆಗಳೆಂದು ತಿಳಿಸಲು ಭೇಟಿಯ ಕೋಡಿನ ಮುಂದೆ 25 ಎಂಬ ಪೂರಕ ಸಂಖ್ಯೆ ಇರಬೇಕು. ಅದು ಬಿಟ್ಟುಹೋದರೆ ವಿಮಾ ಕಂಪನಿ ಭೇಟಿಯ ಮೊತ್ತವನ್ನು ನಿರಾಕರಿಸುವ ಸಂಭವವಿದೆ. ಇವುಗಳಲ್ಲಿ ಯಾವುದಕ್ಕೂ ದುರುದ್ದೇಶ ಬೇಕಿಲ್ಲ, ಕೆಲಸದ ಒತ್ತಡವೊಂದೇ ಸಾಕು. ಆದರೆ ಸಾಮಾನ್ಯವಾಗಿ ಮನೆಗೆ ಬರುವ ಮೊದಲ ಬಿಲ್ಲಿನಲ್ಲಿ ಈ ಕೋಡ್‌ಗಳು ಕಾಣುವುದೇ ಇಲ್ಲ, ‘ತುರ್ತು ಸೇವೆ’ ಎಂಬ ಒಂದು ಸಾಲು ಮತ್ತು ಅದರ ಮುಂದೆ ಒಂದು ಮೊತ್ತ ಇರುತ್ತದೆ. ತಪ್ಪನ್ನು ಪತ್ತೆಮಾಡಬೇಕಾದವರ ಕೈಗೆ ತಪ್ಪು ಕಾಣದಂತಹ ಕಾಗದವೇ ಮೊದಲು ತಲುಪುತ್ತದೆ.

ಇದರ ಮೇಲೆ ಗಡುವುಗಳ ಗೊಂದಲವೂ ಸೇರಿಕೊಳ್ಳುತ್ತದೆ. ವಿಮಾ ಕಂಪನಿಯು ತಾನು ಎಷ್ಟು ಕೊಡುತ್ತದೆ, ರೋಗಿಯ ಪಾಲು ಎಷ್ಟು ಎಂದು ತಿಳಿಸುವ, ‘ಇದು ಬಿಲ್ ಅಲ್ಲ’ ಎಂಬ ಸೂಚನೆಯಿರುವ ವಿವರಣಾ ಪತ್ರವನ್ನು ಕಳಿಸುತ್ತದೆ, ಅದರ ಹಿಂದೆಯೋ ಮುಂದೆಯೋ ಆಸ್ಪತ್ರೆಯ ಬಿಲ್ ಬರುತ್ತದೆ, ಎಕ್ಸ್-ರೇ ಓದಿದ ವೈದ್ಯರ ಗುಂಪಿನಿಂದ ಮತ್ತೊಂದು ಬಿಲ್ ಬರುವುದೂ ಉಂಟು. ವಿಮೆಯ ನಿರಾಕರಣೆಯ ವಿರುದ್ಧ ಆಂತರಿಕ ಮೇಲ್ಮನವಿ ಸಲ್ಲಿಸಲು ಈಗಿನ ಕಾನೂನು 180 ದಿನ ಕೊಡುತ್ತದೆ, ಆದರೆ ರೋಗಿ ಆ ಉತ್ತರಕ್ಕಾಗಿ ಕಾಯುತ್ತಿದ್ದಾರೆಂಬ ಕಾರಣಕ್ಕೆ ಆಸ್ಪತ್ರೆಯ ಬಾಕಿ ಲೆಕ್ಕದಲ್ಲಿ ದಿನಗಳು ನಿಲ್ಲುವುದಿಲ್ಲ. ಮೇಲ್ಮನವಿ ತೀರ್ಮಾನವಾಗುವಷ್ಟರಲ್ಲಿ ಖಾತೆ ವಸೂಲಾತಿ ಸಂಸ್ಥೆಗೆ ಹೋಗಿಬಿಡಬಹುದು. ಪ್ರತಿಯೊಬ್ಬರೂ ತಮ್ಮ ತಮ್ಮ ನಿಯಮ ಪಾಲಿಸಿದ ನಂತರವೂ ತೀರ್ಮಾನವಾಗದ ಮೊತ್ತವೊಂದು ಸಾಲವೆಂಬ ಹೆಸರು ಪಡೆಯುವುದು ಹೀಗೆ.

ವಸೂಲಾತಿಯ ಹಂತಕ್ಕೆ ಕಾನೂನು ಬಹಳ ಹಿಂದೆಯೇ ಕೈಹಾಕಿತ್ತು. 1977ರಲ್ಲಿ ಅಂಗೀಕೃತವಾದ ನ್ಯಾಯಯುತ ಸಾಲ ವಸೂಲಾತಿ ಕಾಯ್ದೆಯು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ರಾತ್ರಿ 9ರ ನಂತರ ಕರೆ ಮಾಡುವುದನ್ನು, ಬೆದರಿಕೆಯನ್ನು, ಸುಳ್ಳು ಹೇಳಿ ಹಣ ಕೀಳುವುದನ್ನು ನಿಷೇಧಿಸಿತು. ಮೊದಲ ಸಂಪರ್ಕವಾದ ಐದು ದಿನಗಳೊಳಗೆ ಸಾಲದ ವಿವರವಿರುವ ನೋಟಿಸ್ ಕೊಡಬೇಕು, ಅದನ್ನು ಪಡೆದವರು 30 ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸಿದರೆ ದೃಢೀಕರಣ ಒದಗಿಸುವವರೆಗೆ ವಸೂಲಿ ನಿಲ್ಲಿಸಬೇಕು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೇ. ಆದರೆ ಎರಡು ಮಿತಿಗಳು ಉಳಿದವು. ಕಾಯ್ದೆಯು ಮುಖ್ಯವಾಗಿ ಅನ್ವಯಿಸುವುದು ಮೂರನೇ ವ್ಯಕ್ತಿಗಳಾದ ವಸೂಲಾತಿ ಸಂಸ್ಥೆಗಳಿಗೆ, ತನ್ನದೇ ಹೆಸರಿನಲ್ಲಿ ಬಾಕಿ ಕೇಳುವ ಆಸ್ಪತ್ರೆ ಸಾಮಾನ್ಯವಾಗಿ ಅದರ ಹೊರಗೆ ಉಳಿಯುತ್ತದೆ. ಎರಡನೆಯ ಮಿತಿ ‘ದೃಢೀಕರಣ’ದ ವ್ಯಾಪ್ತಿಯದು. ಕೇಳುತ್ತಿರುವ ಮೊತ್ತವೇ ಸಾಲ ಕೊಟ್ಟವರು ಹೇಳುತ್ತಿರುವ ಮೊತ್ತ ಎಂದು ಬರಹದಲ್ಲಿ ತಿಳಿಸಿದರೆ ಸಾಕೆಂದು 1999ರಲ್ಲಿ ನಾಲ್ಕನೇ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಕ್ರೆಡಿಟ್ ಕಾರ್ಡ್ ಸಾಲಕ್ಕೆ ಈ ಅಳತೆ ಹೊಂದಬಹುದೇನೋ. ಮೂಲ ಬಿಲ್ಲಿನಲ್ಲಿಯೇ ಕೋಡ್ ತಪ್ಪಿದ್ದಾಗ, ತಪ್ಪು ಮೊತ್ತವೇ ಇನ್ನೊಂದು ಕಾಗದದಲ್ಲಿ ದೃಢಪಟ್ಟು ಹಿಂದಿರುಗುತ್ತದೆ.

ಮೂಲದ ಹತ್ತಿರಕ್ಕೆ ಕಾನೂನು ಬಂದದ್ದು 2010ರ ಆರೋಗ್ಯ ಸುಧಾರಣಾ ಕಾಯ್ದೆಯೊಂದಿಗೆ. ತೆರಿಗೆ ವಿನಾಯಿತಿ ಪಡೆಯುವ ಲಾಭರಹಿತ ಆಸ್ಪತ್ರೆಗಳು ಲಿಖಿತ ಆರ್ಥಿಕ ನೆರವು ನೀತಿಯನ್ನು ಹೊಂದಿರಬೇಕು, ಚಿಕಿತ್ಸೆಯ ನಂತರದ ಮೊದಲ ಬಿಲ್ ಕಳಿಸಿದ ಮೇಲೆ ಕನಿಷ್ಠ 120 ದಿನ ಮೊಕದ್ದಮೆಯಂತಹ ಕಠಿಣ ಕ್ರಮಕ್ಕೆ ಇಳಿಯಬಾರದು, 240 ದಿನಗಳವರೆಗೆ ನೆರವಿನ ಅರ್ಜಿ ಸ್ವೀಕರಿಸಬೇಕು ಎಂದಾಯಿತು. ನೆರವಿಗೆ ಅರ್ಹರಾದ ಎಷ್ಟೋ ಮಂದಿ ಅಂಥದ್ದೊಂದು ಅರ್ಜಿ ಇದೆಯೆಂಬುದನ್ನೇ ತಿಳಿಯದೆ ಕಂತು ಕಟ್ಟುತ್ತಾರೆ, ಹೀಗಾಗಿ ಈ ಅಂಶ ಇನ್ನೂ ಹೆಚ್ಚು ಪ್ರಚಾರ ಪಡೆಯಬೇಕಿತ್ತು. ಲಾಭಕ್ಕಾಗಿ ನಡೆಯುವ ಆಸ್ಪತ್ರೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. 2022ರ ಜನವರಿ 1ರಿಂದ ಜಾರಿಯಾದ ಅನಿರೀಕ್ಷಿತ ಬಿಲ್ ತಡೆ ಕಾಯ್ದೆಯು, ವಿಮೆಯ ಜಾಲದ ಹೊರಗಿನ, ಅಂದರೆ ವಿಮಾ ಕಂಪನಿಯೊಡನೆ ದರದ ಒಪ್ಪಂದವಿಲ್ಲದ, ವೈದ್ಯರು ತುರ್ತು ಚಿಕಿತ್ಸೆಗೆ ಕೇಳುತ್ತಿದ್ದ ಹೆಚ್ಚುವರಿ ಮೊತ್ತಕ್ಕೆ ಬಹುಮಟ್ಟಿಗೆ ತಡೆ ಹಾಕಿತು. ವಿಮೆ ಇಲ್ಲದವರಿಗೆ ಮುಂಗಡ ಅಂದಾಜು ಕೊಡಬೇಕು, ಬಿಲ್ ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಬಂದರೆ 120 ದಿನಗಳೊಳಗೆ ವಿವಾದ ಎತ್ತಬಹುದು ಎಂದೂ ಹೇಳಿತು. ಹೆಲಿಕಾಪ್ಟರ್ ಆಂಬ್ಯುಲೆನ್ಸ್ ಈ ಕಾಯ್ದೆಯ ಒಳಗೆ ಬಂದು, ರಸ್ತೆಯ ಮೇಲೆ ಓಡುವ ಆಂಬ್ಯುಲೆನ್ಸ್ ಹೊರಗುಳಿಯಿತು.

ಕ್ರೆಡಿಟ್ ವರದಿಯ ಜಗಳ ಜೋರಾದದ್ದೂ ಇದೇ ಹೊತ್ತಿಗೆ. 2021ರ ಜೂನ್‌ನಲ್ಲಿದ್ದಂತೆ 8,800 ಕೋಟಿ ಡಾಲರ್ ವೈದ್ಯಕೀಯ ಬಾಕಿ ಜನರ ವರದಿಗಳಲ್ಲಿ ದಾಖಲಾಗಿತ್ತೆಂದು ಬ್ಯೂರೋ 2022ರಲ್ಲಿ ಪ್ರಕಟಿಸಿತು. ಈ ವರದಿಗಳನ್ನು ತಯಾರಿಸುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಟ್ರಾನ್ಸ್‌ಯೂನಿಯನ್ ಸಂಸ್ಥೆಗಳು ತಾವಾಗಿಯೇ ಮುಂದಾಗಿ, ತೀರಿಸಿದ ವೈದ್ಯಕೀಯ ಬಾಕಿಯನ್ನು 2022ರ ಜುಲೈಯಿಂದ ತೆಗೆದುಹಾಕಿದವು, ತೀರದ ಬಾಕಿಯನ್ನು ಒಂದು ವರ್ಷ ಕಳೆಯುವವರೆಗೆ ತೋರಿಸದಿರಲು ಒಪ್ಪಿದವು, 500 ಡಾಲರ್‌ಗಿಂತ ಕಡಿಮೆಯಿದ್ದುದನ್ನು 2023ರಲ್ಲಿ ಕೈಬಿಟ್ಟವು. ಸ್ವಯಂಪ್ರೇರಿತವಾಗಿ ಕೊಟ್ಟದ್ದನ್ನು ಹಿಂತೆಗೆದುಕೊಳ್ಳಲೂ ಸಾಧ್ಯ, ಆದ್ದರಿಂದಲೇ 2025ರ ತೀರ್ಪು ಅಷ್ಟೊಂದು ಆತಂಕ ಹುಟ್ಟಿಸಿತು. ಕೊಲೊರಾಡೊ, ನ್ಯೂಯಾರ್ಕ್ ಮೊದಲಾದ ರಾಜ್ಯಗಳು ತಮ್ಮದೇ ಕಾನೂನುಗಳಿಂದ ಇಂಥ ವರದಿಯನ್ನು ನಿಷೇಧಿಸಿವೆ. ಫೆಡರಲ್ ಕಾನೂನಿನ ಎದುರು ಅಂಥ ರಾಜ್ಯ ಕಾನೂನುಗಳು ನಿಲ್ಲುವುದಿಲ್ಲವೆಂದು ಅದೇ ಬ್ಯೂರೋ 2025ರ ಅಕ್ಟೋಬರ್‌ನಲ್ಲಿ ವ್ಯಾಖ್ಯಾನ ಹೊರಡಿಸಿದ್ದರಿಂದ ವಿಷಯ ಮತ್ತಷ್ಟು ಸಿಕ್ಕಾಯಿತು.

ಇಷ್ಟೆಲ್ಲದರ ನಡುವೆ ನೋಟಿಸ್ ಕೈಗೆ ಬಂದವರ ಪಾಲಿಗೆ ಬದಲಾಗದೆ ಉಳಿದಿರುವುದು 1977ರ ಕಾಯ್ದೆ ಆಕ್ಷೇಪಿಸಲು ಕೊಟ್ಟ ಆ 30 ದಿನಗಳ ಅವಧಿ. 2021ರ ನವೆಂಬರ್ 30ರಿಂದ ಜಾರಿಯಲ್ಲಿರುವ ನಿಯಮಾವಳಿಯು ನೋಟಿಸಿಗೆ ಒಂದು ಮಾದರಿ ನಮೂನೆ ಕೊಟ್ಟಿದೆ. ಅದರ ಕೆಳಭಾಗದಲ್ಲಿ ತುಂಬಿ ಕಳಿಸಲು ‘ಇದು ನನ್ನ ಸಾಲವಲ್ಲ’, ‘ಮೊತ್ತ ತಪ್ಪಾಗಿದೆ’, ‘ಇತರೆ’ ಎಂಬ ಚೌಕಗಳಿವೆ. ಮೇಲಿನ ಕೋಷ್ಟಕದಲ್ಲಿ ಮೂಲ ಬಾಕಿ, ಬಡ್ಡಿ, ಶುಲ್ಕ, ಜಮೆಯಾದ ಹಣ ಇಷ್ಟು ಕಾಣುತ್ತದೆ, ಚಿಕಿತ್ಸೆಯ ಕೋಡ್‌ಗಳಿಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಆಕ್ಷೇಪವನ್ನು ವಸೂಲಾತಿ ಸಂಸ್ಥೆಗೆ, ತಲುಪಿದ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸಬೇಕು. ಕೋಡ್‌ಗಳಿರುವ ಸಾಲುವಾರು ಬಿಲ್ಲನ್ನು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಿಂದ ಪ್ರತ್ಯೇಕವಾಗಿ ಕೇಳಿ ಪಡೆದು, ವಿಮಾ ಕಂಪನಿಯ ವಿವರಣಾ ಪತ್ರದ ಜೊತೆ ಸಾಲು ಸಾಲಾಗಿ ತಾಳೆ ನೋಡಬೇಕು. ಬಾಕಿ ಹಳೆಯದಾಗಿದ್ದರೆ ಪರಿಶೀಲನೆ ಮುಗಿಯುವ ಮೊದಲು ಚಿಕ್ಕ ಮೊತ್ತವನ್ನೂ ಕಟ್ಟದಿರುವುದು ಒಳ್ಳೆಯದು, ಏಕೆಂದರೆ ಕೆಲವು ರಾಜ್ಯಗಳಲ್ಲಿ ಭಾಗಶಃ ಪಾವತಿಯಿಂದಲೇ ಮೊಕದ್ದಮೆ ಹೂಡುವ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ.