ಆಮ್ಲಜನಕ ಅಯಸ್ಕಾಂತಕ್ಕೆ ಏಕೆ ಅಂಟುತ್ತದೆ?

ದ್ರವ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸುರಿದರೆ ಅದು ಅಲ್ಲೇ ಅಂಟಿಕೊಂಡು ನಿಲ್ಲುತ್ತದೆ. ತಿಳಿ ನೀಲಿ ಬಣ್ಣದ ಆ ದ್ರವ ಆವಿಯಾಗುವವರೆಗೂ ಜಾಗ ಬಿಡುವುದಿಲ್ಲ. ದ್ರವ ಸಾರಜನಕವಾದರೆ ಸುಮ್ನೆ ಹರಿದು ಕೆಳಗೆ ಹೋಗುತ್ತದೆ. ಪಿಯುಸಿ ಮಕ್ಕಳಿಗೆ ರಾಸಾಯನಿಕ ಬಂಧದ ಪಾಠವನ್ನು ನಾನು ಈ ಆಮ್ಲಜನಕದಿಂದಲೇ ಶುರು ಮಾಡುತ್ತೇನೆ.

ಅವರು ಹೈಸ್ಕೂಲಿನಲ್ಲಿ ಕಲಿತ ಚಿತ್ರ ಇಲ್ಲಿ ಕೈಕೊಡುತ್ತದೆ. ಅದು 1916ರಲ್ಲಿ ಗಿಲ್ಬರ್ಟ್ ಲೂಯಿಸ್ ಕೊಟ್ಟ ಚಿತ್ರ. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡರೆ ಒಂದು ಬಂಧ, ಚಿತ್ರದಲ್ಲಿ ಒಂದು ಗೆರೆ. ಆಮ್ಲಜನಕದಲ್ಲಿ ಎರಡು ಜೋಡಿ, ಎರಡು ಗೆರೆ. ಉಳಿದ ಎಲೆಕ್ಟ್ರಾನ್‌ಗಳೂ ಜೋಡಿಯಾಗಿಯೇ ಕೂತಿವೆ. ಸ್ಪಿನ್ ಎಂಬ ಗುಣದಿಂದಾಗಿ ಪ್ರತಿ ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಜೋಡಿಯಲ್ಲಿ ಒಂದರ ಸ್ಪಿನ್ ಮೇಲೆ, ಇನ್ನೊಂದರದ್ದು ಕೆಳಗೆ, ಹಾಗಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಿದ್ದರೆ ಅಯಸ್ಕಾಂತಕ್ಕೆ ಎಳೆಯಲು ಏನೂ ಸಿಗಬಾರದು, ಅಲ್ವಾ?

ಅದಕ್ಕಿಂತ ಮೂಲದ ಪ್ರಶ್ನೆ ಒಂದಿದೆ. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಹಾಗಿರುವಾಗ ಹಂಚಿಕೊಂಡ ಮಾತ್ರಕ್ಕೆ ಪರಮಾಣುಗಳು ಏಕೆ ಅಂಟಬೇಕು? ‘ಎಂಟು ಎಲೆಕ್ಟ್ರಾನ್ ಬೇಕೆಂಬ ಆಸೆಯಿಂದ’ ಎನ್ನುವ ಉತ್ತರವನ್ನು ನಾವು ಮೇಷ್ಟ್ರುಗಳು ಬಿಟ್ಟುಬಿಡಬೇಕು. ಪರಮಾಣುವಿಗೆ ಆಸೆ ಇಲ್ಲ. ಬಂಧವಾದಾಗ ಶಕ್ತಿ ಕಡಿಮೆಯಾಗುತ್ತದೆ, ಅಷ್ಟೇ.

ಏಕೆ ಕಡಿಮೆಯಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ ತೋರಿಸಿದವರು ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ಭೌತವಿಜ್ಞಾನಿಗಳು. ಎಲೆಕ್ಟ್ರಾನನ್ನು ಅಲೆಯಾಗಿ ವಿವರಿಸುವ ಶ್ರೋಡಿಂಗರ್ ಸಮೀಕರಣ ಬಂದ ಮರುವರ್ಷವೇ, 1927ರಲ್ಲಿ, ಜ್ಯೂರಿಕ್‌ನಲ್ಲಿ. ಅವರು ಆರಿಸಿಕೊಂಡದ್ದು ಹೈಡ್ರೋಜನ್ ಅಣು. ಎರಡು ಎಲೆಕ್ಟ್ರಾನ್‌ಗಳಲ್ಲಿ ಯಾವುದು ಯಾವ ಪರಮಾಣುವಿನದು ಎಂದು ಗುರುತಿಸಲು ಆಗುವುದಿಲ್ಲ. ಅವುಗಳ ಅಲೆ ಎರಡೂ ನ್ಯೂಕ್ಲಿಯಸ್‌ಗಳ ಮೇಲೆ ಹರಡಿಕೊಳ್ಳುತ್ತದೆ. ಸ್ಪಿನ್‌ಗಳು ಎದುರುಬದುರಾಗಿದ್ದರೆ ಶಕ್ತಿ ಇಳಿಯುತ್ತದೆ, ಬಂಧ ಕೂಡುತ್ತದೆ. ಒಂದೇ ದಿಕ್ಕಿನಲ್ಲಿದ್ದರೆ ಶಕ್ತಿ ಏರುತ್ತದೆ, ಪರಮಾಣುಗಳು ದೂರ ಸರಿಯುತ್ತವೆ. ಅವರ ಲೆಕ್ಕಕ್ಕೆ ಸಿಕ್ಕಿದ್ದು ನಿಜವಾದ ಬಂಧಶಕ್ತಿಯ ಮೂರನೇ ಎರಡರಷ್ಟು ಮಾತ್ರ. ಆದರೂ ನನ್ನ ಮಟ್ಟಿಗೆ ರಸಾಯನಶಾಸ್ತ್ರದ ಅತಿ ದೊಡ್ಡ ಲೆಕ್ಕ ಅದೇ.

ಹುಂಡ್ ಮತ್ತು ಮುಲ್ಲಿಕನ್ ಎಂಬ ವಿಜ್ಞಾನಿಗಳು ಹಿಡಿದ ದಾರಿ ಬೇರೆ. ಎಲೆಕ್ಟ್ರಾನ್‌ನ ಅಲೆ ಇಡೀ ಅಣುವಿಗೆ ಸೇರಿದ್ದು ಎಂದುಕೊಂಡೇ ಅವರು ಹೊರಟರು. ಎಲೆಕ್ಟ್ರಾನ್ ಅಲೆಯ ಒಂದೊಂದು ರೂಪಕ್ಕೆ ಆರ್ಬಿಟಲ್ ಎಂದು ಹೆಸರು, ಒಂದರಲ್ಲಿ ಹೆಚ್ಚೆಂದರೆ ಎರಡು ಎಲೆಕ್ಟ್ರಾನ್ ಕೂರಬಹುದು. ಎರಡು ಪರಮಾಣುಗಳ ಒಂದೊಂದು ಆರ್ಬಿಟಲ್ ಸೇರಿದರೆ ಅಣುವಿನ ಎರಡು ಆರ್ಬಿಟಲ್ ಹುಟ್ಟುತ್ತವೆ. ಕೆಳಗಿನದು ಬಾಂಡಿಂಗ್, ಅದು ಬೆಸೆಯುತ್ತದೆ. ಮೇಲಿನದು ಆಂಟಿಬಾಂಡಿಂಗ್, ಅದು ಬಿಡಿಸುತ್ತದೆ. ಹೀಲಿಯಂ ಜೋಡಿಯಲ್ಲಿ ಎರಡೂ ತುಂಬಿಹೋಗುತ್ತವೆ, ಹಾಗಾಗಿ ಬಂಧವಿಲ್ಲ.

ಈಗ ಆಮ್ಲಜನಕಕ್ಕೆ ಬನ್ನಿ. ಹೊರಕವಚದ ಎಲೆಕ್ಟ್ರಾನ್ ಒಟ್ಟು 12. ಎಂಟು ಬಾಂಡಿಂಗ್‌ನಲ್ಲಿ, ನಾಲ್ಕು ಆಂಟಿಬಾಂಡಿಂಗ್‌ನಲ್ಲಿ. ಕಳೆದು ಎರಡರಿಂದ ಭಾಗಿಸಿದರೆ ಲೂಯಿಸ್‌ನ ಅದೇ ಎರಡು ಬಂಧ. ಆದರೆ ಕೊನೆಯ ಎರಡು ಎಲೆಕ್ಟ್ರಾನ್‌ಗಳಿಗೆ ಸಮಾನ ಶಕ್ತಿಯ ಎರಡು ಆಂಟಿಬಾಂಡಿಂಗ್ ಆರ್ಬಿಟಲ್ ಖಾಲಿ ಇವೆ. ಅವು ಒಂದೊಂದರಲ್ಲಿ ಒಂಟಿಯಾಗಿ, ಒಂದೇ ದಿಕ್ಕಿನ ಸ್ಪಿನ್ ಇಟ್ಟುಕೊಂಡು ಕೂರುತ್ತವೆ. ಅಯಸ್ಕಾಂತ ಎಳೆಯುವುದು ಇವುಗಳಿಂದಾಗಿ. 1929ರಲ್ಲಿ ಲೆನಾರ್ಡ್-ಜೋನ್ಸ್ ಇದನ್ನು ವಿವರಿಸಿದರು.

ನಂಬಿಕೆ ಬರದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಆಮ್ಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಬಂಧದ ಉದ್ದ 1.21 ಆಂಗ್‌ಸ್ಟ್ರಾಮ್‌ನಿಂದ 1.12ಕ್ಕೆ ಇಳಿಯುತ್ತದೆ. ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ಎಲೆಕ್ಟ್ರಾನ್ ಕಳೆದುಕೊಂಡೂ ಬಂಧ ಬಿಗಿಯಾಯಿತು, ಏಕೆಂದರೆ ಹೋದದ್ದು ಬಿಡಿಸುವ ಎಲೆಕ್ಟ್ರಾನ್. ಸಾರಜನಕದಲ್ಲಿ ಇದೇ ಕೆಲಸ ಮಾಡಿದರೆ ಬಂಧ ಉದ್ದವಾಗುತ್ತದೆ. ಅಲ್ಲಿ ಹೋಗುವುದು ಬೆಸೆಯುವ ಎಲೆಕ್ಟ್ರಾನ್. ಗೆರೆ ಎಳೆಯುವ ಚಿತ್ರದಿಂದ ಇದನ್ನು ಹೇಳಲು ಸಾಧ್ಯವೇ ಇಲ್ಲ.

ಈ ಒಂಟಿ ಎಲೆಕ್ಟ್ರಾನ್‌ಗಳಿಂದ ನಮಗೆಲ್ಲ ಒಂದು ಉಪಕಾರವೂ ಆಗಿದೆ. ಸೌದೆ, ಎಣ್ಣೆ, ನಮ್ಮ ಮೈಯ ಕೊಬ್ಬು, ಇವುಗಳ ಅಣುಗಳಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿವೆ. ಆಮ್ಲಜನಕ ಇವುಗಳ ಜೊತೆ ನೇರವಾಗಿ ಕೂಡಬೇಕಾದರೆ ಸ್ಪಿನ್ ತಿರುಗಬೇಕು, ಅದು ಸುಲಭಕ್ಕೆ ಆಗುವುದಿಲ್ಲ. ಉರಿದರೆ ಶಕ್ತಿ ಬಿಡುಗಡೆಯಾಗುವುದು ಖಚಿತವಾದರೂ ಸೌದೆ ತಾನಾಗಿ ಹೊತ್ತಿಕೊಳ್ಳದಿರಲು ಇದೂ ಒಂದು ಮುಖ್ಯ ಕಾರಣ. ಬೆಂಕಿಕಡ್ಡಿಯ ಬಿಸಿಗೆ ಕೆಲವು ಬಂಧ ಮುರಿದು ಒಂಟಿ ಎಲೆಕ್ಟ್ರಾನ್ ಇರುವ ತುಣುಕುಗಳು ಹುಟ್ಟಿದ ಮೇಲೆಯೇ ಆಮ್ಲಜನಕ ಸರಾಗವಾಗಿ ಕೂಡಲು ಶುರು ಮಾಡುವುದು.