ದೀಪಕ್ಕೆ ಹಿಡಿದ ಮೆಕ್ಕೆಜೋಳ

ಮೆಕ್ಕೆಜೋಳದ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ಗಾಜಿನ ಮಣಿಯ ಹಾಗೆ ಹಳದಿ ಹೊಳೆಯುತ್ತದೆ. ಆ ಗಟ್ಟಿತನದಲ್ಲಿ ಝೀನ್ ಎಂಬ ಪ್ರೋಟೀನಿನ ಪಾಲು ದೊಡ್ಡದು. ಪ್ರೋಟೀನ್ ಅಂದಮೇಲೆ ಒಳ್ಳೆಯದೇ ಅಲ್ವಾ? ಪೂರ್ತಿ ಅಲ್ಲ. ಝೀನ್‌ನಲ್ಲಿ ಲೈಸಿನ್ ಎಂಬ, ಪ್ರೋಟೀನನ್ನು ಕಟ್ಟುವ ಒಂದು ಘಟಕ ಇಲ್ಲವೆನ್ನುವಷ್ಟು ಕಡಿಮೆ. ಲೈಸಿನ್ ನಮ್ಮ ಮೈ ತಾನೇ ಮಾಡಿಕೊಳ್ಳಲಾರದು, ಊಟದಲ್ಲೇ ಸಿಗಬೇಕು. ನಾವು ರೊಟ್ಟಿ ಜೊತೆ ಬೇಳೆ, ಕಾಳುಪಲ್ಯ ತಿನ್ನುವುದರಿಂದ ಕೊರತೆ ಅಲ್ಲೇ ತುಂಬುತ್ತದೆ. ಬರೀ ಮೆಕ್ಕೆಜೋಳದ ಗಂಜಿಯಲ್ಲೇ ಬೆಳೆಯುವ ಮಕ್ಕಳ ಪಾಡು ಬೇರೆ.

1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವಿನ್ ಮರ್ಟ್ಸ್ ಮತ್ತು ಜೊತೆಗಾರರು ಒಂದು ಸುದ್ದಿ ಕೊಟ್ಟರು: ಒಪೇಕ್-2 ಎಂಬ ವಂಶವಾಹಿಯ ಮಾರ್ಪಾಡಿರುವ ಮೆಕ್ಕೆಜೋಳದಲ್ಲಿ ಲೈಸಿನ್ ಹೆಚ್ಚುಕಡಿಮೆ ಎರಡರಷ್ಟಿದೆ! ಅದೇನು ಹೊಸ ಮೆಕ್ಕೆಜೋಳವಲ್ಲ, ದಶಕಗಳಿಂದ ಗೊತ್ತಿದ್ದದ್ದೇ. ಝೀನ್ ತಗ್ಗಿ, ಲೈಸಿನ್ ಇರುವ ಬೇರೆ ಪ್ರೋಟೀನುಗಳ ಪಾಲು ಅದರಲ್ಲಿ ಏರಿತ್ತು. ಭಾರತದಲ್ಲೂ 1971ರಲ್ಲಿ ಶಕ್ತಿ, ರತನ್, ಪ್ರೋಟೀನಾ ಅಂತ ತಳಿಗಳು ಬಂದವು.

ರೈತರು ಒಪ್ಪಲಿಲ್ಲ, ತಪ್ಪೂ ಅವರದಲ್ಲ. ಝೀನ್ ಹೋದರೆ ಗಟ್ಟಿತನವೂ ಹೋಗುತ್ತದಲ್ಲ, ಕಾಳು ಸೀಮೆಸುಣ್ಣದಂತೆ ಬೆಳ್ಳಗೆ, ಮೆತ್ತಗೆ. ತೂಕ ಬರದು, ಬೇಗ ಒಣಗದು, ಹುಳುವಿಗಂತೂ ಹಬ್ಬ.

ಹೆಚ್ಚಿನವರು ಕೈಬಿಟ್ಟ ಈ ಕೆಲಸವನ್ನು ಹಿಡಿದುಕೊಂಡವರು ಮೆಕ್ಸಿಕೋದಲ್ಲಿ ಮೆಕ್ಕೆಜೋಳ, ಗೋಧಿ ಸಂಶೋಧನೆ ನಡೆಸುವ ಸಿಮಿಟ್ ಸಂಸ್ಥೆಯಲ್ಲಿದ್ದ ಇಬ್ಬರು, ನಮ್ಮ ದೇಶದ ಸುರಿಂದರ್ ವಾಸಲ್ ಮತ್ತು ಅಲ್ಲಿಯವರೇ ಆದ ಇವಾಂಜೆಲಿನಾ ವಿಲ್ಯೇಗಾಸ್. ಕೆಳಗಿನಿಂದ ದೀಪ ಹಚ್ಚಿದ ಮೇಜಿನ ಮೇಲೆ ಕಾಳು ಹರಡುವುದು. ಪೂರ್ತಿ ಮಬ್ಬಾದದ್ದು ಬೇಡ, ಪೂರ್ತಿ ಹೊಳೆಯುವುದೂ ಬೇಡ, ಒಂದಷ್ಟು ಹೊಳೆದು ಒಂದಷ್ಟು ಮಬ್ಬಾಗಿರುವ ಕಾಳನ್ನೇ ಆರಿಸುವುದು. ಅದರಲ್ಲಿ ಲೈಸಿನ್ ಉಳಿದಿದೆಯೇ ಅಂತ ವಿಲ್ಯೇಗಾಸರ ಲ್ಯಾಬ್ ಹೇಳಬೇಕು. ಉಳಿದಿದ್ದರೆ ಮತ್ತೆ ಬಿತ್ತನೆ. ಹೀಗೆ ವರ್ಷಗಟ್ಟಲೆ ಆರಿಸಿ ಆರಿಸಿ, ಗಟ್ಟಿತನವನ್ನು ಮರಳಿ ಕೊಡುವ ಬೇರೆ ವಂಶವಾಹಿಗಳನ್ನು ಒಪೇಕ್-2 ಜೊತೆ ಕೂಡಿಸಿದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು.

ನನಗನಿಸುವಂತೆ ಕಷ್ಟ ಶುರುವಾದದ್ದೇ ಆಮೇಲೆ. ಈಗ ಈ ಕಾಳು ನೋಡಲು ಮಾಮೂಲಿ ಮೆಕ್ಕೆಜೋಳದಂತೆಯೇ ಇದೆ, ಮಂಡಿಯಲ್ಲಿ ಯಾರು ಸುಮ್ನೆ ಜಾಸ್ತಿ ದುಡ್ಡು ಕೊಡುತ್ತಾರೆ? ಪಕ್ಕದ ಹೊಲದ ಮಾಮೂಲಿ ಮೆಕ್ಕೆಜೋಳದ ಪರಾಗ ಹಾರಿ ಬಂದು ಬಿದ್ದರೆ ಆ ಕಾಳಿನ ಗುಣವೂ ಹೋಯಿತು. ನಮ್ಮ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದಲ್ಲಿ ಬಹಳಷ್ಟು ಹೋಗುವುದು ಕೋಳಿ ಆಹಾರಕ್ಕೆ. ಕೋಳಿಗೂ ಲೈಸಿನ್ ಬೇಕು. ಅದಕ್ಕೆ ಆಹಾರ ತಯಾರಿಸುವವರು ಲೈಸಿನ್ ಪುಡಿಯನ್ನೇ ಮೂಟೆಯಲ್ಲಿ ಕೊಂಡು ತಂದು ಬೆರೆಸುತ್ತಾರೆ.