ಕಿವಿಯಿಂದ ಹುಡುಕೋರಿಗೆ ಸರ್ಚ್ ಬಾಕ್ಸ್ ಏನು ಹೇಳತ್ತೆ?

ಆನ್‌ಲೈನ್ ಅಂಗಡಿಯ ಸರ್ಚ್ ಬಾಕ್ಸಲ್ಲಿ ಎರಡು ಮೂರು ಅಕ್ಷರ ಟೈಪ್ ಮಾಡಿದ ಕೂಡಲೇ ಕೆಳಗಡೆ ಸಲಹೆಗಳ ಪಟ್ಟಿಯೊಂದು ಬಿಚ್ಕೊಳ್ಳತ್ತಲ್ಲ, ಅದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಕಣ್ಣು ಕಾಣೋರಿಗೆ ಅದೊಂದು ವಿಷಯವೇ ಅಲ್ಲ, ಪಟ್ಟಿ ಬಂತು, ಬೇಕಾದ್ದು ಕಾಣ್ತು, ಒತ್ತಿದ್ವಿ, ಮುಗೀತು. ಅದೇ ಪಟ್ಟಿನ ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್, ಇಟ್ಕೊಂಡು ಕಿವಿಯಿಂದ ವೆಬ್ ಓದೋರ ಕಡೆಯಿಂದ ಒಂದ್ಸಲ ನೋಡಿ. ಅವರು ಟೈಪ್ ಮಾಡಿದ್ರು, ಪರದೆ ಮೇಲೆ ಏನೇನೋ ಆಯ್ತು, ಕಿವಿಗೆ ಮಾತ್ರ ಏನೂ ಬೀಳ್ಲಿಲ್ಲ. ಪಟ್ಟಿ ಬಂದಿದ್ಯಾ, ಎಷ್ಟು ಸಲಹೆ ಇದೆ, ಎಂಟರ್ ಒತ್ತಿದ್ರೆ ನಾನು ಬರೆದಿದ್ದು ಹೋಗತ್ತಾ ಇಲ್ಲ ಮೊದಲನೇ ಸಲಹೆ ಹೋಗತ್ತಾ, ಯಾವುದೂ ಗೊತ್ತಾಗಲ್ಲ. ಸಾವಿರಗಟ್ಟಲೆ ಸಾಮಾನಿರೋ ಅಂಗಡಿಯಲ್ಲಿ ಮೆನು ಹಿಡ್ಕೊಂಡು ಒಂದೊಂದೇ ವಿಭಾಗ ಕೇಳ್ತಾ ಹೋಗೋಕೆ ಯಾರಿಗೂ ಆಗಲ್ಲ, ಹಾಗಾಗಿ ಸರ್ಚ್ ಕೈ ಕೊಡ್ತು ಅಂದ್ರೆ ಅವರ ಪಾಲಿಗೆ ಅಂಗಡಿಯೇ ಮುಚ್ಚಿದ ಹಾಗೆ.

ಇದಕ್ಕೆ ಪರಿಹಾರ ಅಂತ ಒಂದು ಮೂಢನಂಬಿಕೆ ಹಬ್ಬಿಬಿಟ್ಟಿದೆ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನನಗೆ ಸಮಾಧಾನ ಆಗಲ್ಲ. ಸೈಟ್‌ಗೆ ಒಂದು ಸಾಲು ಕೋಡ್ ಅಂಟಿಸಿ, ಮೂಲೆಯಲ್ಲಿ ಗಾಲಿಕುರ್ಚಿ ಚಿತ್ರದ ಬಟನ್ ಬರತ್ತೆ, ಅಲ್ಲಿಗೆ ಅಂಗವಿಕಲರೂ ಸೈಟ್ ಬಳಸೋ ಹಾಗಿರಬೇಕು ಅನ್ನೋ ಎಲ್ಲಾ ಮಾನದಂಡಗಳೂ ಪಾಲನೆ ಆದ ಹಾಗೆ, ಅನ್ನೋ ನಂಬಿಕೆ. ಇದು ತಾಯತ ಕಟ್ಟಿಸಿಕೊಂಡು ಜ್ವರ ಬಿಡತ್ತೆ ಅಂತ ಕೂತಂಗೆ. ಆ ಬಟನ್ ಅಕ್ಷರ ದಪ್ಪ ಮಾಡಬಹುದು, ಬಣ್ಣ ಬದಲಾಯಿಸಬಹುದು, ಆದ್ರೆ ಸಲಹೆ ಪಟ್ಟಿಯನ್ನ ಕಟ್ಟಿದವರು ಅದು ಪಟ್ಟಿ ಅಂತಾನೇ ಎಲ್ಲೂ ಬರೀದೆ ಬಿಟ್ಟಿದ್ರೆ, ಹೊರಗಿನಿಂದ ಬಂದ ಕೋಡು ಅದನ್ನ ಊಹೆ ಮಾಡಬೇಕು ಅಷ್ಟೆ, ಆ ಊಹೆ ಎಷ್ಟೋ ಸಲ ತಪ್ಪತ್ತೆ. 2025ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇಂಥದ್ದೇ ಉಪಕರಣ ಮಾರೋ ಕಂಪನಿಯೊಂದು ತನ್ನ ಪ್ರಾಡಕ್ಟ್ ಯಾವ ಸೈಟನ್ನ ಬೇಕಾದ್ರೂ ಮಾನದಂಡಕ್ಕೆ ಸರಿಹೊಂದಿಸತ್ತೆ ಅಂತ ಸುಳ್ಳು ಪ್ರಚಾರ ಮಾಡಿದೆ ಅಂತ ಆರೋಪಿಸಿ 10 ಲಕ್ಷ ಡಾಲರ್ ಕಟ್ಟಿಸಿಕೊಳ್ತು.

ಸರಿ, ಅಸಲಿ ಕಥೆಗೆ ಬರೋಣ. ಸ್ಕ್ರೀನ್ ರೀಡರ್ ಪರದೆಯನ್ನ 'ನೋಡ್ತಾ' ಇರತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ. ಹಾಗಲ್ಲ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಿ ಪರದೆ ಅಂದ್ರೆ 80 ಕಾಲಂ, 25 ಸಾಲು, ಬರೀ ಅಕ್ಷರಗಳು. ಯಾವ ಮನೆಯಲ್ಲಿ ಯಾವ ಅಕ್ಷರ ಕೂತಿದೆ ಅಂತ ಕಂಪ್ಯೂಟರ್ ಮೆಮೊರಿಯಲ್ಲಿ ನೇರವಾಗಿ ಇರ್ತಿತ್ತು, ಅದನ್ನ ಎತ್ಕೊಂಡು ಧ್ವನಿ ಮಾಡಿದ್ರೆ ಆಯ್ತು. ಆ ಕಾಲದಲ್ಲೇ, 1989ರಲ್ಲಿ, ಜಾಸ್ ಅನ್ನೋ ಸ್ಕ್ರೀನ್ ರೀಡರ್ ಬಂತು, ಅದನ್ನ ಶುರು ಮಾಡಿದ ಟೆಡ್ ಹೆಂಟರ್ ಮೊದಲು ಮೋಟಾರ್‌ಸೈಕಲ್ ರೇಸರ್, 1978ರಲ್ಲಿ ಕಾರ್ ಅಪಘಾತದಲ್ಲಿ ಕಣ್ಣು ಹೋಯ್ತು, ಆಮೇಲೆ ಪ್ರೋಗ್ರಾಮಿಂಗ್ ಕಲಿತವರು. ಇಷ್ಟೆಲ್ಲಾ ಚೆನ್ನಾಗಿ ನಡೀತಿದ್ದಾಗ ವಿಂಡೋಸ್ ಥರದ ಚಿತ್ರಮಯ ಪರದೆಗಳು ಬಂದ್ವು ನೋಡಿ, ಎಲ್ಲಾ ತಲೆಕೆಳಗಾಯ್ತು. ಈಗ ಮೆಮೊರಿಯಲ್ಲಿ ಅಕ್ಷರ ಇಲ್ಲ, ಬರೀ ಚುಕ್ಕೆಗಳು. 'ಸರಿ' ಅನ್ನೋ ಬಟನ್ ಕೂಡ ಬಣ್ಣದ ಚುಕ್ಕೆಗಳ ಗುಂಪು, ಪಕ್ಕದ ಚಿತ್ರವೂ ಚುಕ್ಕೆಗಳ ಗುಂಪು. ಅದರಿಂದ ಹೊರಗೆ ಬರೋಕೆ ವರ್ಷಗಟ್ಟಲೆ ಒದ್ದಾಡಿ, ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ರು: ಪರದೆ ಮೇಲೆ ಏನಾದ್ರೂ ಬಿಡಿಸೋ ಪ್ರೋಗ್ರಾಮು, ಅದರ ಜೊತೆಗೇ 'ಇದು ಬಟನ್, ಇದರ ಹೆಸರು ಹೀಗೆ, ಇದು ಈಗ ಒತ್ತಿರೋ ಸ್ಥಿತಿಯಲ್ಲಿದೆ' ಅಂತ ಪಕ್ಕದಲ್ಲಿ ಒಂದು ವಿವರ ಕೊಡಬೇಕು. ಮೈಕ್ರೋಸಾಫ್ಟ್ ಇದಕ್ಕೇ ಅಂತ ತನ್ನ ಆಕ್ಟಿವ್ ಆಕ್ಸೆಸಿಬಿಲಿಟಿ ಅನ್ನೋ ವ್ಯವಸ್ಥೆ ತಂದಿದ್ದು 1997ರಲ್ಲಿ. ಬ್ರೌಸರ್‌ಗಳೂ ಇವತ್ತು ಅದೇ ಕೆಲಸ ಮಾಡ್ತವೆ, ಪುಟದ ಕೋಡ್ ಓದಿ ಎರಡು ಕಟ್ಟಡ ಕಟ್ತವೆ, ಒಂದು ಕಣ್ಣಿಗೆ ಕಾಣೋದು, ಇನ್ನೊಂದು ಆಕ್ಸೆಸಿಬಿಲಿಟಿ ಟ್ರೀ ಅಂತ, ಕಿವಿಯವರು ಓಡಾಡೋದು ಈ ಎರಡನೇ ಕಟ್ಟಡದಲ್ಲಿ.

ಈಗ ಬೇಜಾರಿನ ವಿಷಯ ಏನಂದ್ರೆ, ಸರ್ಚ್ ಪಟ್ಟಿಯನ್ನ ಡಿವ್ ಅನ್ನೋ ಖಾಲಿ ಡಬ್ಬಗಳಿಂದ ಕಟ್ಟಿ, ಬಣ್ಣ ಬಳಿದು, ಮೌಸ್ ಒತ್ತಿದ್ರೆ ಕೆಲಸ ಮಾಡೋ ಹಾಗೆ ಮಾಡಿ ಬಿಟ್ರೆ, ಎರಡನೇ ಕಟ್ಟಡದಲ್ಲಿ ಆ ಕೋಣೆಗೆ ಬೋರ್ಡೇ ಇರಲ್ಲ. ಅಕ್ಷರ ಇರತ್ತೆ, ಆದ್ರೆ ಅದು ಆರಿಸಬಹುದಾದ ಸಲಹೆ ಅಂತ ಯಾರೂ ಹೇಳಿರಲ್ಲ. ಚುಕ್ಕೆಗಳ ಕಾಲದ ಕಷ್ಟವನ್ನೇ ನಾವು ನಮ್ಮ ಕೈಯಾರೆ ವಾಪಸ್ ತಂದ್ಕೊಂಡಿದೀವಿ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಸರ್ಚ್ ಪಟ್ಟಿಯಲ್ಲಿ ಒಂದು ವಿಚಿತ್ರ ಸಮಸ್ಯೆ ಇದೆ, ಮಿಕ್ಕ ಯಾವುದರಲ್ಲೂ ಅಷ್ಟಾಗಿ ಇಲ್ಲ. ಕೀಬೋರ್ಡಿನ ಫೋಕಸ್, ಅಂದ್ರೆ ಒತ್ತಿದ ಕೀ ಪುಟದ ಯಾವ ಜಾಗಕ್ಕೆ ಹೋಗತ್ತೋ ಅದು, ಒಂದು ಸಲಕ್ಕೆ ಒಂದೇ ಕಡೆ ಇರೋಕೆ ಸಾಧ್ಯ. ಟೈಪ್ ಮಾಡ್ತಾ ಇರಬೇಕು ಅಂದ್ರೆ ಫೋಕಸ್ ಬಾಕ್ಸಲ್ಲೇ ಇರಬೇಕು, ಪಟ್ಟಿಯಲ್ಲಿ ಕೆಳಗೆ ಹೋಗಬೇಕು ಅಂದ್ರೆ ಫೋಕಸ್ ಪಟ್ಟಿಗೆ ಹೋಗಬೇಕು. ಪಟ್ಟಿಗೆ ಹೋಗಿಬಿಟ್ರೆ ಇನ್ನೊಂದಕ್ಷರ ಸೇರಿಸೋಕೆ ಮತ್ತೆ ಬಾಕ್ಸಿಗೆ ವಾಪಸ್ ಬರಬೇಕು. ಎರಡೂ ಒಟ್ಟಿಗೆ ಬೇಕು, ಇರೋದು ಒಂದೇ. ಇದಕ್ಕೆ ಕಂಡುಹಿಡಿದ ಉಪಾಯದ ಹೆಸರು ಆರಿಯಾ-ಆಕ್ಟಿವ್‌ಡಿಸೆಂಡೆಂಟ್. ಪುಟದಲ್ಲಿ ಯಾವ ಭಾಗ ಏನು ಅಂತ ಸ್ಕ್ರೀನ್ ರೀಡರ್‌ಗೆ ಹೇಳೋಕೆ ಕೋಡಲ್ಲಿ ಬರೆಯೋ ಗುರುತುಗಳ ಮಾನದಂಡ ಆರಿಯಾ, ಅದರಲ್ಲಿ ಇದೂ ಒಂದು. ಹೆಸರು ಉದ್ದ, ಕೆಲಸ ಸಣ್ಣದು, ಆದ್ರೆ ಎಷ್ಟು ಚಂದ! ಫೋಕಸ್ ಬಾಕ್ಸ್ ಬಿಟ್ಟು ಅಲ್ಲಾಡಲ್ಲ, ಬಾಕ್ಸ್ ತನ್ನ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳತ್ತೆ, 'ಸದ್ಯಕ್ಕೆ ನನ್ನ ಗಮನ ಪಟ್ಟಿಯ ಮೂರನೇ ಸಲಹೆ ಮೇಲಿದೆ' ಅಂತ. ಕೆಳಗಿನ ಬಾಣ ಒತ್ತಿದ್ರೆ ಚೀಟಿಯಲ್ಲಿ ನಾಲ್ಕು ಅಂತ ಬದಲಾಗತ್ತೆ, ಸ್ಕ್ರೀನ್ ರೀಡರ್ ಚೀಟಿ ಓದಿ ನಾಲ್ಕನೇ ಸಲಹೆಯನ್ನ ಹೇಳತ್ತೆ. ಕೂತಲ್ಲಿಂದ ಏಳದೆ ದೂರದ ಕಪಾಟನ್ನ ಕೋಲಿಂದ ತೋರಿಸಿ 'ಅದು ಕೊಡಪ್ಪ' ಅಂತ ಕೇಳೋ ಹಾಗೆ. ಇಲ್ಲಾ ಅಂದ್ರೆ ಹೀಗೆ ನೋಡಿ, ಬಲಗೈಯಲ್ಲಿ ಪೆನ್ನು ಹಿಡ್ಕೊಂಡು ಬರೀತಾ ಇದ್ದೀರಿ, ಎಡಗೈ ಬೆರಳು ಪಕ್ಕದ ಪುಸ್ತಕದ ಸಾಲಿನ ಮೇಲೆ ಜಾರ್ತಾ ಇದೆ, ಪೆನ್ನು ಕೆಳಗಿಡೋ ಹಾಗೇ ಇಲ್ಲ. ಕಾಣೋರಿಗೆ ಈ ಎಡಗೈ ಬೆರಳಿನ ಕೆಲಸವನ್ನ ಕಣ್ಣು ಮಾಡತ್ತೆ, ಅದಕ್ಕೇ ನಮಗೆ ಇದು ಸಮಸ್ಯೆ ಅಂತಾನೇ ಹೊಳೆಯಲ್ಲ.

ಈ ಚೀಟಿ ಒಂದೇ ಸಾಲದು. ಬಾಕ್ಸು ತಾನು ಕಾಂಬೋಬಾಕ್ಸ್, ಅಂದ್ರೆ ಜೊತೆಗೆ ಪಟ್ಟಿ ಇರೋ ಬಾಕ್ಸ್, ಅಂತ ಹೇಳಬೇಕು, ಪಟ್ಟಿ ತೆರೆದಿದ್ಯಾ ಮುಚ್ಚಿದ್ಯಾ ಹೇಳಬೇಕು, ಆ ಪಟ್ಟಿ ಯಾವುದು ಅಂತ ತೋರಿಸಬೇಕು, ಪಟ್ಟಿ ಒಳಗಿನ ಪ್ರತಿ ಸಾಲೂ ತಾನೊಂದು ಆಯ್ಕೆ ಅಂತ ಹೇಳಬೇಕು. ಇದನ್ನ ಸರಿಯಾಗಿ ಹೇಗೆ ಬರೀಬೇಕು ಅನ್ನೋದ್ರಲ್ಲಿ ಮಾನದಂಡ ಬರೆಯೋರೇ ಮನಸ್ಸು ಬದಲಾಯಿಸಿದಾರೆ. ಆರಿಯಾ 1.0 ಬಂದಿದ್ದು 2014ರಲ್ಲಿ, ಅದರಲ್ಲಿ ಕಾಂಬೋಬಾಕ್ಸ್ ಪಾತ್ರವನ್ನ ಟೈಪ್ ಮಾಡೋ ಬಾಕ್ಸಿಗೇ ಕೊಡಬಹುದಿತ್ತು, 2017ರ 1.1ರಲ್ಲಿ ಸುತ್ತ ಇರೋ ಹೊರಡಬ್ಬಕ್ಕೆ ಕೊಡಿ ಅಂದ್ರು, ಅದು ನಿಜವಾದ ಸ್ಕ್ರೀನ್ ರೀಡರ್‌ಗಳಲ್ಲಿ ಸರಿಯಾಗಿ ನಡೀಲಿಲ್ಲ, 2023ರ 1.2ರಲ್ಲಿ ವಾಪಸ್ ಬಾಕ್ಸಿಗೇ ಕೊಟ್ರು. ಹಾಗಾಗಿ ಹಳೇ ಉದಾಹರಣೆ ನೋಡ್ಕೊಂಡು ಕಾಪಿ ಹೊಡೆದವರ ಸರ್ಚ್ ಬಾಕ್ಸ್‌ಗಳು ಇವತ್ತಿಗೂ ತೊದಲ್ತಾ ಇವೆ. ಇದು ಅವರ ತಪ್ಪು ಅಂತ ಬೈಯೋಕೆ ನನಗೆ ಮನಸ್ಸಿಲ್ಲ, ಆದ್ರೆ ಸರಿ ಮಾಡೋದು ಅವರ ಕೆಲಸಾನೇ.

ಆಮೇಲೆ ಸುದ್ದಿ ಹೇಳೋ ಕೆಲಸ. ಹುಡುಕಾಟ ಮುಗೀತು, ಪುಟ ಮತ್ತೆ ಲೋಡ್ ಆಗ್ಲಿಲ್ಲ, ನಡುವಿನ ಭಾಗ ಮಾತ್ರ ಬದಲಾಗಿ 48 ಸಾಮಾನು ಬಂದ್ವು. ಕಾಣೋರಿಗೆ ಕಂಡಿತು. ಕಿವಿಯವರಿಗೆ ಯಾರು ಹೇಳ್ಬೇಕು? ಅಂಗವಿಕಲರೂ ವೆಬ್ ಬಳಸೋ ಹಾಗಿರಬೇಕು ಅಂತ ಮಾಡಿದ ಡಬ್ಲ್ಯೂಸಿಎಜಿ ಅನ್ನೋ ಮಾನದಂಡ ಇದೆಯಲ್ಲ, ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂನದ್ದು, ಈಗಿನ 2.2 ಬಂದಿದ್ದು 2023ರಲ್ಲಿ, ಅದರ 4.1.3ನೇ ನಿಯಮ ಇದಕ್ಕೇ ಇರೋದು: ಫೋಕಸ್ ಅಲ್ಲಾಡಿಸದೆ ಸ್ಥಿತಿಯ ಸುದ್ದಿ ತಲುಪಬೇಕು. ಅದನ್ನ ಮಾಡೋದು ಲೈವ್ ರೀಜನ್ ಅನ್ನೋ ಜಾಗದಿಂದ, ಅಲ್ಲಿ ಬರಹ ಬದಲಾದ್ರೆ ಸ್ಕ್ರೀನ್ ರೀಡರ್ ತಾನಾಗೇ ಓದತ್ತೆ. ಇಲ್ಲಿ ಎಲ್ಲರೂ ಎಡವೋ ಎರಡು ಕಲ್ಲುಗಳಿವೆ. ಒಂದು, ಆ ಜಾಗ ಮೊದಲಿಂದಲೇ ಪುಟದಲ್ಲಿ ಖಾಲಿಯಾಗಿ ಇರಬೇಕು, ಸುದ್ದಿ ಬಂದ ಮೇಲೆ ಜಾಗ ಹುಟ್ಟಿಸಿದ್ರೆ ಎಷ್ಟೋ ಸಲ ಓದೋದೇ ಇಲ್ಲ, ಮೈಕ್ ಆನ್ ಮಾಡೋ ಮುಂಚೆನೇ ಮಾತು ಮುಗಿದು ಹೋದಂಗೆ. ಇನ್ನೊಂದು, ಪ್ರತಿ ಅಕ್ಷರಕ್ಕೂ '9 ಸಲಹೆ, 7 ಸಲಹೆ, 4 ಸಲಹೆ' ಅಂತ ಕೂಗಿಸೋದು. ಟೈಪ್ ಮಾಡ್ತಿರೋರಿಗೆ ತಾವು ಒತ್ತಿದ ಅಕ್ಷರವೂ ಕಿವಿಯಿಂದಲೇ ಬರಬೇಕು, ಈ ಕೂಗಾಟದಲ್ಲಿ ಅದೂ ಕೊಚ್ಚಿಕೊಂಡು ಹೋಗತ್ತೆ. ಟೈಪ್ ಮಾಡೋದು ಒಂದು ಕ್ಷಣ ನಿಂತ ಮೇಲೆ ಒಂದೇ ಸಲ ಮೆತ್ತಗೆ ಹೇಳಿದ್ರೆ ಸಾಕು. ಆರಿಯಾದಲ್ಲಿ ಪೊಲೈಟ್ ಅಂತ ಒಂದು ಆಯ್ಕೆ ಇದೆ, ಅಸರ್ಟಿವ್ ಅಂತ ಇನ್ನೊಂದು. ಮೊದಲನೆಯದು ಮಾತು ಮುಗಿಯೋ ತನಕ ಕಾಯತ್ತೆ, ಎರಡನೆಯದು ಮಾತಿನ ಮಧ್ಯೆ ಬಾಯಿ ಹಾಕತ್ತೆ. ಸರ್ಚ್ ಫಲಿತಾಂಶಕ್ಕೆ ಮಧ್ಯೆ ಬಾಯಿ ಹಾಕೋ ಅವಶ್ಯಕತೆ ಇಲ್ವೇ ಇಲ್ಲ.

ಸುಮ್ನೆ ಓದಿ ಗೊತ್ತಾಗಲ್ಲ ಅಂತ ನಾನೇ ಮಾನಿಟರ್ ಆಫ್ ಮಾಡಿ ಎನ್‌ವಿಡಿಎ ಹಾಕ್ಕೊಂಡು ಕೂತೆ. ಅದು 2006ರಲ್ಲಿ ಶುರುವಾದ ಉಚಿತ ಸ್ಕ್ರೀನ್ ರೀಡರ್, ಯಾರು ಬೇಕಾದ್ರೂ ಇಳಿಸ್ಕೋಬಹುದು. ಒಂದು ದೊಡ್ಡ ಅಂಗಡಿಯ ಸೈಟಲ್ಲಿ ಸರ್ಚ್ ಬಟನ್‌ಗೆ ಬಂದಾಗ ಅದು ಹೇಳಿದ್ದು 'ಬಟನ್' ಅಂತ ಅಷ್ಟೆ. ಭೂತಗನ್ನಡಿ ಚಿತ್ರ ಇದೆ, ಹೆಸರಿಲ್ಲ. ಮಾತಿನಿಂದಲೇ ಕಂಪ್ಯೂಟರ್ ನಡೆಸೋರು, ಅಂದ್ರೆ ಕೈ ಆಡಿಸೋಕೆ ಆಗದವರು, 'ಸರ್ಚ್ ಒತ್ತು' ಅಂತ ಎಷ್ಟು ಹೇಳಿದ್ರೂ ಆ ಬಟನ್ ಓಗೊಡಲ್ಲ, ಅದಕ್ಕೆ ತನ್ನ ಹೆಸರೇ ಗೊತ್ತಿಲ್ಲ.

ಬೆಲೆ ಫಿಲ್ಟರ್ ಇನ್ನೊಂದು ತಲೆನೋವು. ಎರಡು ಗುಂಡಿ ಎಳೆದು ಕನಿಷ್ಠ ಗರಿಷ್ಠ ಬೆಲೆ ಗುರುತು ಮಾಡೋ ಸ್ಲೈಡರ್, ಕೈ ನಡುಗೋರಿಗೆ ಅದನ್ನ ಹಿಡಿದು ಎಳೆಯೋದು ಅಸಾಧ್ಯ. ಡಬ್ಲ್ಯೂಸಿಎಜಿ 2.2ರಲ್ಲಿ ಹೊಸದಾಗಿ ಸೇರಿದ ನಿಯಮದ ಪ್ರಕಾರ ಎಳೆಯೋ ಕೆಲಸಕ್ಕೆ ಎಳೆಯದೇ ಮಾಡೋ ದಾರಿಯೂ ಇರಬೇಕು, ಪಕ್ಕದಲ್ಲಿ ಎರಡು ಸಂಖ್ಯೆ ಬರೆಯೋ ಖಾನೆ ಕೊಟ್ರೆ ಮುಗೀತು, ನಿಜ ಹೇಳ್ಬೇಕು ಅಂದ್ರೆ ಎಲ್ಲರಿಗೂ ಅದೇ ಸುಲಭ. ಒತ್ತೋ ಜಾಗ ಕನಿಷ್ಠ 24 ಬೈ 24 ಪಿಕ್ಸೆಲ್ ಇರಬೇಕು, ಇಲ್ಲಾಂದ್ರೆ ಸುತ್ತ ಅಷ್ಟು ಅಂತರನಾದ್ರೂ ಬಿಟ್ಟಿರಬೇಕು ಅನ್ನೋದೂ ಅದೇ 2.2ರದ್ದು. ಬಣ್ಣದ ಫಿಲ್ಟರ್‌ನಲ್ಲಿ ಬರೀ ಬಣ್ಣದ ಚುಕ್ಕೆಗಳನ್ನ ಸಾಲಾಗಿ ಇಟ್ಟಿದ್ರೆ ಕೆಂಪು ಹಸಿರು ವ್ಯತ್ಯಾಸ ಕಾಣದವರು ಏನು ಆರಿಸಬೇಕು? ಹೆಸರು ಬರೀರಿ. ಇನ್ನು ಚೆಕ್‌ಬಾಕ್ಸ್‌ಗೆ ಟಿಕ್ ಹಾಕಿದ ಕೂಡಲೇ ಪುಟ ಪೂರ್ತಿ ಲೋಡ್ ಆಗಿ ಫೋಕಸ್ ಪುಟದ ಮೇಲ್ತುದಿಗೆ ಹಾರಿಹೋಗೋದು ಇದೆಯಲ್ಲ, ಐದು ಫಿಲ್ಟರ್ ಹಾಕೋಕೆ ಐದು ಸಲ ಮೇಲಿಂದ ಕೆಳಗೆ ನಡೀಬೇಕು.

ಸರ್ಚ್ ಬಾಕ್ಸ್ ಒಳಗೆ ತಿಳಿ ಬೂದು ಬಣ್ಣದಲ್ಲಿ 'ಇಲ್ಲಿ ಹುಡುಕಿ' ಅಂತ ಬರೆದಿರತ್ತೆ. ಬಿಳಿ ಮೇಲೆ ಕಪ್ಪು ಬರೆದ್ರೆ ಕಾಂಟ್ರಾಸ್ಟ್, ಅಂದ್ರೆ ಅಕ್ಷರಕ್ಕೂ ಹಿನ್ನೆಲೆಗೂ ಇರೋ ಹೊಳಪಿನ ಅಂತರ, 21ಕ್ಕೆ 1, ಮಾನದಂಡ ಕೇಳೋದು ಮಾಮೂಲಿ ಅಕ್ಷರಕ್ಕೆ 4.5ಕ್ಕೆ 1. ಡಿಸೈನರ್‌ಗಳು ಪ್ರೀತಿಯಿಂದ ಬಳಸೋ 999999 ಅನ್ನೋ ಕೋಡಿನ ಬೂದು ಬಣ್ಣ 2.85ಕ್ಕೆ 1 ಬರತ್ತೆ. ಸ್ವಲ್ಪ ದಟ್ಟ ಮಾಡಿ 767676 ಮಾಡಿದ್ರೆ 4.54, ಪಾಸ್. ಮೇಲಾಗಿ ಟೈಪ್ ಶುರು ಮಾಡಿದ ಕೂಡಲೇ ಆ ಬರಹ ಮಾಯ ಆಗತ್ತೆ, ಹಾಗಾಗಿ ಅದನ್ನೇ ಲೇಬಲ್ ಅಂತ ನಂಬ್ಕೊಂಡು ಕೂರೋದು ಬೇಡ.

ಸಾಫ್ಟ್‌ವೇರ್ ಚೆಕರ್ ಹಸಿರು ತೋರಿಸ್ತು, ನಾವು ಪಾಸ್ ಅನ್ನೋದು ಇನ್ನೊಂದು ಭ್ರಮೆ. ವೆಬ್‌ಏಮ್ ಅನ್ನೋ ಸಂಸ್ಥೆ ಪ್ರತಿ ವರ್ಷ 10 ಲಕ್ಷ ಸೈಟುಗಳ ಮುಖಪುಟ ಪರೀಕ್ಷೆ ಮಾಡತ್ತೆ, 2024ರಲ್ಲಿ 95.9 ಶೇಕಡಾ ಪುಟಗಳಲ್ಲಿ ಯಂತ್ರಕ್ಕೇ ಸಿಗೋ ತಪ್ಪುಗಳಿದ್ವು. ಯಂತ್ರಕ್ಕೆ ಸಿಗದ್ದು ಬೇರೆ. ಸಲಹೆ ಪಟ್ಟಿಯಲ್ಲಿ ಎಸ್ಕೇಪ್ ಒತ್ತಿದ್ರೆ ಪಟ್ಟಿ ಮಾತ್ರ ಮುಚ್ಚತ್ತಾ ಅಥವಾ ಬರೆದಿದ್ದೂ ಅಳಿಸಿಹೋಗತ್ತಾ, ಅದು ಮನುಷ್ಯರು ಕೂತು ಒತ್ತಿ ನೋಡಿದ್ರೇನೇ ಗೊತ್ತಾಗೋದು. ಕಾನೂನೂ ಈಗ ಅಂಗಡಿಗಳ ಬೆನ್ನು ಹತ್ತಿದೆ, ಯುರೋಪಿನ ಆಕ್ಸೆಸಿಬಿಲಿಟಿ ಆ್ಯಕ್ಟ್ 2025ರ ಜೂನ್ 28ರಿಂದ ಆನ್‌ಲೈನ್ ಅಂಗಡಿಗಳಿಗೂ ಅನ್ವಯ ಆಗ್ತಿದೆ. ಅಮೆರಿಕದಲ್ಲಿ ಅಂಧರ ಒಕ್ಕೂಟ 2006ರಲ್ಲೇ ಟಾರ್ಗೆಟ್ ಅಂಗಡಿಯ ವೆಬ್‌ಸೈಟ್ ವಿರುದ್ಧ ಕೋರ್ಟಿಗೆ ಹೋಗಿತ್ತು, 2008ರಲ್ಲಿ 60 ಲಕ್ಷ ಡಾಲರ್‌ಗೆ ರಾಜಿ ಆಯ್ತು.

ಕೊನೆಗೆ, ಯಾರೂ ಗಮನ ಕೊಡದ ಜಾಗ: ಏನೂ ಸಿಗದೇ ಇದ್ದಾಗ. ಡಿಸ್ಲೆಕ್ಸಿಯಾ, ಅಂದ್ರೆ ಓದು ಬರಹದ ತೊಡಕು, ಇರೋರು ಅಕ್ಷರ ಹಿಂದು ಮುಂದು ಮಾಡ್ತಾರೆ, ಕೈ ನಡುಗೋರು ಪಕ್ಕದ ಕೀ ಒತ್ತಿರ್ತಾರೆ. ಒಂದು ಪದದಿಂದ ಇನ್ನೊಂದಕ್ಕೆ ಹೋಗೋಕೆ ಎಷ್ಟು ಅಕ್ಷರ ಸೇರಿಸಬೇಕು, ತೆಗೀಬೇಕು, ಬದಲಾಯಿಸಬೇಕು ಅಂತ ಎಣಿಸೋ ಲೆಕ್ಕವನ್ನ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲೇ ಕೊಟ್ಟಿದಾರೆ, ಅದನ್ನ ಹಾಕಿದ್ರೆ ಒಂದೆರಡು ಅಕ್ಷರ ತಪ್ಪಿದ್ರೂ ಸರಿಯಾದ ಪದ ಹುಡುಕಿ ಕೊಡಬಹುದು. ಮಾನದಂಡ ಇದನ್ನ ಕಡ್ಡಾಯ ಮಾಡಿಲ್ಲ, ನನ್ನ ಪ್ರಕಾರ ಮಾಡಬೇಕಿತ್ತು. ಆದ್ರೆ ತಿದ್ದಿದ ಮೇಲೆ ಅದನ್ನ ಸದ್ದಿಲ್ಲದೆ ಮಾಡಬಾರದು. ನಾನು ಒಂದು ಪದ ಬರೆದು ಅಂಗಡಿ ಇನ್ನೊಂದನ್ನ ಹುಡುಕಿದ್ರೆ, ಆಗಲೇ ಹೇಳಿದ ಲೈವ್ ರೀಜನ್‌ನ ಖಾಲಿ ಜಾಗಕ್ಕೆ ಒಂದು ಸಾಲು ಹಾಕಬೇಕು: ನೀವು ಬರೆದಿದ್ದಕ್ಕೆ ಏನೂ ಸಿಗಲಿಲ್ಲ, ಈ ಪದಕ್ಕೆ 12 ಸಿಕ್ಕಿವೆ, ತೋರಿಸ್ತಾ ಇದೀವಿ.